ಮರೆಮಾಡಿದ ಬೆರಳು, ಮರೆಯದ ದನಿ

1945ರ ಕೊನೆಯ ದಿನಗಳು. ಎರಡನೆಯ ಮಹಾಯುದ್ಧ ಮುಗಿದು ಕೆಲವೇ ತಿಂಗಳುಗಳಾಗಿದ್ದವು. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲೂ ಲಂಡನ್ ಎಂಬ ಹೆಸರಿನ ಊರೊಂದಿದೆ. ಸೈನ್ಯದಿಂದ ಮರಳಿದ್ದ ಇಪ್ಪತ್ತೈದರ ಯುವಕನೊಬ್ಬ ಅಲ್ಲಿ ಮತ್ತೆ ಪಠ್ಯಪುಸ್ತಕ ಹಿಡಿದು ಕೂತಿದ್ದ. ಓದನ್ನು ಮುಂದುವರಿಸುವುದು ಅವನ ಉದ್ದೇಶ. ಕ್ರಿಸ್‌ಮಸ್ ಮುಗಿದು ಹೊಸ ವರ್ಷ ಇನ್ನೂ ಬಂದಿರಲಿಲ್ಲ. ರೇಡಿಯೋದಲ್ಲಿ ಒಂದು ನಾಟಕ ಬರುತ್ತಿತ್ತು. ಕೇಳುತ್ತಾ ಕೇಳುತ್ತಾ ಅವನಿಗೆ ಅನಿಸಿತು: ಇದಕ್ಕಿಂತ ಚೆನ್ನಾಗಿ ತಾನು ಮಾಡಬಲ್ಲೆ.

ಹೀಗೆ ಅನಿಸುವುದು ದೊಡ್ಡ ಸಂಗತಿಯಲ್ಲ. ನಾಟಕ ನೋಡಿ, ಹಾಡು ಕೇಳಿ ಹಾಗೆ ಅಂದುಕೊಂಡವರು ಊರಿಗೆ ನೂರು ಜನ ಸಿಗುತ್ತಾರೆ. ಆದರೆ ಈ ಯುವಕ ಎದ್ದು ಸ್ಥಳೀಯ ರೇಡಿಯೋ ನಿಲಯಕ್ಕೆ ಹೋಗಿ ತನ್ನ ದನಿಯನ್ನು ಮುದ್ರಿಸಿಕೊಂಡ. ಅದನ್ನು ಕೇಳಿದವರು ಟೊರಾಂಟೋದ ನಾಟಕ ಶಾಲೆಯೊಂದರ ವಿಷಯ ತಿಳಿಸಿದರು. ಆತ ಅಲ್ಲಿಗೆ ಹೋದ. ಆತನ ಹೆಸರು ಜೇಮ್ಸ್ ಡೂಹನ್. ಇಪ್ಪತ್ತು ವರ್ಷಗಳ ಬಳಿಕ ಜಗತ್ತು ಆತನನ್ನು ಗುರುತಿಸಿದ್ದು ಇನ್ನೊಂದು ಹೆಸರಿನಿಂದ: ಸ್ಕಾಟಿ. 'ಸ್ಟಾರ್ ಟ್ರೆಕ್' ಧಾರಾವಾಹಿಯ 'ಎಂಟರ್‌ಪ್ರೈಸ್' ಎಂಬ ಅಂತರಿಕ್ಷ ನೌಕೆಯ ಮುಖ್ಯ ಎಂಜಿನಿಯರ್.

1980ರ ದಶಕದಲ್ಲಿ ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್' ನೋಡಿದ್ದ ತಂದೆ ತಾಯಿಯರಿಗೆ ಈ ಎಂಜಿನಿಯರ್ ನೆನಪಿರಬಹುದು. ಕೆಂಪು ಅಂಗಿಯ, ಗಟ್ಟಿ ಮೈಕಟ್ಟಿನ ಮನುಷ್ಯ. ಯಂತ್ರಗಳು ಇನ್ನು ತಡೆಯಲಾರವು ಎಂದು ಗೋಳಾಡುತ್ತಲೇ ಕೊನೆಯ ಗಳಿಗೆಯಲ್ಲಿ ಹೇಗೋ ಸರಿಪಡಿಸಿ ಎಲ್ಲರ ಜೀವ ಉಳಿಸುವವನು. ಆದರೆ ಆ ಅಂಗಿ ತೊಡುವ ಮೊದಲು ಡೂಹನ್ ನಡೆದು ಬಂದ ದಾರಿ ಬಹಳ ಮಂದಿಗೆ ಗೊತ್ತಿಲ್ಲ.

ಡೂಹನ್ ಹುಟ್ಟಿದ್ದು 1920ರ ಮಾರ್ಚ್ 3ರಂದು, ಕೆನಡಾದ ವ್ಯಾಂಕೂವರ್‌ನಲ್ಲಿ. ತಂದೆ ತಾಯಿ ಉತ್ತರ ಐರ್ಲೆಂಡಿನಿಂದ ವಲಸೆ ಬಂದವರು. ತಂದೆ ಔಷಧಿ ತಯಾರಿಕೆ, ಪಶುವೈದ್ಯ, ದಂತವೈದ್ಯ ಮೂರನ್ನೂ ಬಲ್ಲವರು. ಆದರೆ ಕುಡಿತದ ಚಟ ಮನೆಯ ನೆಮ್ಮದಿಯನ್ನು ತಿಂದುಹಾಕಿತ್ತು. ಇದನ್ನು ಡೂಹನ್ ಮುಂದೆ 1996ರಲ್ಲಿ ಹೊರಬಂದ ತನ್ನ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದ. ಕುಟುಂಬ ಒಂಟಾರಿಯೋದ ಸಾರ್ನಿಯಾಕ್ಕೆ ಬಂದು ನೆಲೆಸಿತು. ಅಲ್ಲಿನ ಶಾಲೆಯಲ್ಲಿ ಹುಡುಗ ಗಣಿತ ಮತ್ತು ವಿಜ್ಞಾನದಲ್ಲಿ ಮುಂದಿದ್ದ. ಓದು ಮುಗಿದದ್ದೇ ಸೈನ್ಯ ಕರೆಯಿತು. ಆತ ಫಿರಂಗಿ ದಳ ಸೇರಿ ಲೆಫ್ಟಿನೆಂಟ್ ಆದ.

1944ರ ಜೂನ್ 6. ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಮಿತ್ರ ಪಡೆಗಳು ಇಳಿದ ದಿನ. ಕೆನಡಾದ ಸೈನಿಕರಿಗೆ ವಹಿಸಿದ್ದ ದಂಡೆಯ ಗುಪ್ತನಾಮ 'ಜೂನೋ'. ಡೂಹನ್ ತನ್ನ ತುಕಡಿಯೊಂದಿಗೆ ಅಲ್ಲಿ ಇಳಿದ. ಮರಳಿನ ಅಡಿಯಲ್ಲಿ ಟ್ಯಾಂಕುಗಳಿಗಾಗಿ ಹೂತಿಟ್ಟ ನೆಲಬಾಂಬುಗಳಿದ್ದವು. ಮನುಷ್ಯರ ಭಾರಕ್ಕೆ ಅವು ಸಿಡಿಯಲಿಲ್ಲ, ಅಷ್ಟೇ. ಮರೆಯಲ್ಲಿ ಅಡಗಿ ಗುಂಡು ಹಾರಿಸುತ್ತಿದ್ದ ಇಬ್ಬರು ಶತ್ರು ಸೈನಿಕರನ್ನು ಆತ ಹೊಡೆದುರುಳಿಸಿದ. ಹಗಲೆಲ್ಲ ಶತ್ರುಗಳ ಗುಂಡಿನಿಂದ ಪಾರಾದವನಿಗೆ ರಾತ್ರಿ ಹನ್ನೊಂದೂವರೆಯ ಸುಮಾರಿಗೆ ತನ್ನವರ ಗುಂಡೇ ತಗಲಿತು. ಒಂದು ನೆಲೆಯಿಂದ ಇನ್ನೊಂದು ನೆಲೆಗೆ ನಡೆದು ಹೋಗುತ್ತಿದ್ದಾಗ, ಹೆದರಿ ಕಂಗೆಟ್ಟಿದ್ದ ಕೆನಡಾದ ಪಹರೆಯ ಸೈನಿಕನೊಬ್ಬ ಕತ್ತಲಲ್ಲಿ ಗುರುತು ಸಿಗದೆ ಬ್ರೆನ್ ಗನ್ ಹಾರಿಸಿಬಿಟ್ಟ. ಆರು ಗುಂಡುಗಳು. ನಾಲ್ಕು ಕಾಲಿಗೆ ಹೊಕ್ಕವು. ಒಂದು ಎದೆಗೆ ಬಡಿಯಿತು. ಅಣ್ಣ ಕೊಟ್ಟಿದ್ದ ಬೆಳ್ಳಿಯ ಸಿಗರೇಟು ಕೇಸು ಜೇಬಿನಲ್ಲಿದ್ದುದರಿಂದ ಅದು ಒಳಹೋಗಲಿಲ್ಲ. ಆರನೆಯದು ಬಲಗೈಯ ಮಧ್ಯದ ಬೆರಳನ್ನು ಕೊಂಡೊಯ್ಯಿತು.

ಗಾಯ ಮಾಯ್ದ ಮೇಲೆ ಆತ ಮನೆಗೆ ಹೋಗಲಿಲ್ಲ. ಪುಟ್ಟ ವಿಮಾನ ಹಾರಿಸುವುದನ್ನು ಕಲಿತು, ಫಿರಂಗಿಗಳ ಗುರಿಯನ್ನು ಆಕಾಶದಿಂದ ನೋಡಿ ಹೇಳುವ ದಳಕ್ಕೆ ಸೇರಿದ. ಕೆನಡಾದ ಪಡೆಯಲ್ಲೇ ಇವನಷ್ಟು ತಲೆಕೆಟ್ಟ ವಿಮಾನ ಚಾಲಕ ಇನ್ನೊಬ್ಬನಿಲ್ಲ ಎಂಬ ಬಿರುದೂ ಬಂತು. ಸಾಧ್ಯವೋ ಇಲ್ಲವೋ ನೋಡಿಯೇಬಿಡೋಣ ಎಂದು ಎರಡು ತಂತಿ ಕಂಬಗಳ ನಡುವೆ ವಿಮಾನ ತೂರಿಸಿದವನು ಆತ.

ರೇಡಿಯೋ ನಾಟಕ ಕೇಳಿ ಎದ್ದು ಹೊರಟವನು ಈ ಮನುಷ್ಯ. ಬೆರಳಿಲ್ಲದ ಕೈ ರೇಡಿಯೋದಲ್ಲಿ ಯಾರಿಗೂ ಕಾಣುವುದಿಲ್ಲ. ಅಲ್ಲಿ ಇರುವುದು ದನಿ ಒಂದೇ. ಟೊರಾಂಟೋದ ಶಾಲೆಯಿಂದ ನ್ಯೂಯಾರ್ಕಿನ ಪ್ರಸಿದ್ಧ 'ನೈಬರ್‌ಹುಡ್ ಪ್ಲೇಹೌಸ್'ಗೆ ಎರಡು ವರ್ಷದ ವಿದ್ಯಾರ್ಥಿವೇತನ ದೊರೆಯಿತು. ಮುಂದೆ ಹೆಸರು ಮಾಡಿದ ಲೆಸ್ಲಿ ನೀಲ್ಸನ್, ಟೋನಿ ರಾಂಡಲ್, ರಿಚರ್ಡ್ ಬೂನ್ ಅಲ್ಲಿ ಸಹಪಾಠಿಗಳು. 1946ರಲ್ಲೇ ಕೆನಡಾದ ಸರ್ಕಾರಿ ಪ್ರಸಾರ ಸಂಸ್ಥೆಯಾದ ಸಿಬಿಸಿಯ ರೇಡಿಯೋ ನಾಟಕಗಳಲ್ಲಿ ಪಾತ್ರಗಳು ಸಿಗತೊಡಗಿದವು. ಮುಂದಿನ ವರ್ಷಗಳಲ್ಲಿ ಟೊರಾಂಟೋ ಮತ್ತು ನ್ಯೂಯಾರ್ಕ್ ನಡುವೆ ಓಡಾಟವೇ ಬದುಕಾಯಿತು. ಆ ಅವಧಿಯಲ್ಲಿ ಆತ ಭಾಗವಹಿಸಿದ ರೇಡಿಯೋ ಕಾರ್ಯಕ್ರಮಗಳು ಸುಮಾರು 4,000, ಟೆಲಿವಿಷನ್ ಕಾರ್ಯಕ್ರಮಗಳು ಸುಮಾರು 450 ಎಂದು ಅಂದಾಜು.

ಈ ಸಂಖ್ಯೆಯ ಬಗ್ಗೆ ಒಂದು ಗಳಿಗೆ ನಿಂತು ಯೋಚಿಸಬೇಕು.  ಇವುಗಳಲ್ಲಿ ಪೋಷಕ ಪಾತ್ರಗಳೂ ಇದ್ದವು. ಆಕಾಶವಾಣಿಯ ನಾಟಕ ಕೇಳಿ ಬೆಳೆದವರಿಗೆ ಈ ಕೆಲಸದ ಸ್ವರೂಪ ಗೊತ್ತು. ಬಾಗಿಲು ತಟ್ಟುವ ಅಂಚೆಯವನು, ಕೆಟ್ಟ ಸುದ್ದಿ ತರುವ ಪೊಲೀಸು, ಜಗಲಿಯ ಮೇಲೆ ಕೆಮ್ಮುವ ಮುದುಕ. ಎರಡು ಮಾತಿನಲ್ಲಿ ಆತ ಯಾರು, ಯಾವ ಊರಿನವನು, ಎಷ್ಟು ವಯಸ್ಸಿನವನು, ಒಳ್ಳೆಯವನೋ ಕೆಟ್ಟವನೋ ಎಂಬುದು ಕೇಳುಗನಿಗೆ ತಿಳಿಯಬೇಕು. ಮುಖವಿಲ್ಲ, ಬಣ್ಣವಿಲ್ಲ, ವೇಷಭೂಷಣವಿಲ್ಲ. ಈ ಗರಡಿಯಲ್ಲಿ ವರ್ಷಗಟ್ಟಲೆ ಪಳಗಿದವನಿಗೆ ಕಿವಿ ಬಹಳ ಸೂಕ್ಷ್ಮವಾಗುತ್ತದೆ. ಬೇರೆಯವರ ಮಾತಿನ ಧಾಟಿ ಒಮ್ಮೆ ಕೇಳಿದರೆ ನಾಲಿಗೆಯ ಮೇಲೆ ಬಂದು ಕೂರುತ್ತದೆ.

1950ರ ದಶಕದಲ್ಲಿ ಟೆಲಿವಿಷನ್ ಬಂದಾಗ ರೇಡಿಯೋ ಕಲಾವಿದರಲ್ಲಿ ಅನೇಕರು ಅತ್ತ ಹೊರಳಿದರು. 1953ರಲ್ಲಿ ಸಿಬಿಸಿ 'ಸ್ಪೇಸ್ ಕಮಾಂಡ್' ಎಂಬ ಅಂತರಿಕ್ಷದ ಕಥೆಗಳ ಧಾರಾವಾಹಿ ಆರಂಭಿಸಿತು. ಡೂಹನ್ ಅದರಲ್ಲಿದ್ದ. 1956ರಲ್ಲಿ ಆರ್ಥರ್ ಹೇಲಿ ಬರೆದ 'ಫ್ಲೈಟ್ ಇಂಟು ಡೇಂಜರ್' ನಾಟಕ ಪ್ರಸಾರವಾಯಿತು. ವಿಮಾನದಲ್ಲಿ ಬಡಿಸಿದ ಊಟ ವಿಷವಾಗಿ ಚಾಲಕರಿಬ್ಬರೂ ಎಚ್ಚರ ತಪ್ಪುತ್ತಾರೆ. ಯುದ್ಧದಲ್ಲಿ ವಿಮಾನ ಹಾರಿಸಿದ್ದ, ಆಮೇಲೆ ಅದನ್ನು ಬಿಟ್ಟೇಬಿಟ್ಟಿದ್ದ ಪ್ರಯಾಣಿಕನೊಬ್ಬ ಅಳುಕುತ್ತಲೇ ಚಾಲಕನ ಜಾಗದಲ್ಲಿ ಕೂತು ಎಲ್ಲರನ್ನೂ ನೆಲ ಮುಟ್ಟಿಸುತ್ತಾನೆ. ಆ ಪ್ರಯಾಣಿಕನ ಪಾತ್ರ ಡೂಹನ್‌ನದು. ಯುದ್ಧದ ಆಕಾಶವನ್ನು ಕಂಡು ಬಂದವನಿಗೆ ಆ ಅಳುಕನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಇದೇ ಕಥೆ 1957ರಲ್ಲಿ ಹಾಲಿವುಡ್ ಚಿತ್ರವಾಯಿತು. ಅದನ್ನೇ ಗೇಲಿ ಮಾಡಿ 1980ರಲ್ಲಿ 'ಏರ್‌ಪ್ಲೇನ್!' ಎಂಬ ಹಾಸ್ಯಚಿತ್ರ ಬಂತು. ಅದರಲ್ಲಿ ವೈದ್ಯನ ಪಾತ್ರ ಮಾಡಿ ನಗಿಸಿದವನು ಹಳೆಯ ಸಹಪಾಠಿ ಲೆಸ್ಲಿ ನೀಲ್ಸನ್.

ಹಾಲಿವುಡ್‌ಗೆ ಬಂದ ಮೇಲೂ ಡೂಹನ್‌ಗೆ ಸಿಕ್ಕಿದ್ದು ಬಿಡಿ ಪಾತ್ರಗಳೇ. ಒಂದು ವಾರ ಕೌಬಾಯ್ ಕಥೆ, ಇನ್ನೊಂದು ವಾರ ಪೊಲೀಸ್ ಕಥೆ, ಮತ್ತೊಂದು ವಾರ 'ಟ್ವೈಲೈಟ್ ಜೋನ್', 'ಔಟರ್ ಲಿಮಿಟ್ಸ್'ನಂಥ ವಿಚಿತ್ರ ಕಥೆಗಳು. 'ಸ್ಟಾರ್ ಟ್ರೆಕ್' ತಯಾರಾಗುತ್ತಿದ್ದಾಗ ಒಬ್ಬ ಎಂಜಿನಿಯರ್‌ನ ಪಾತ್ರಕ್ಕೆ ಆತನನ್ನು ಕರೆದರು. ಪಾತ್ರಕ್ಕೆ ಇನ್ನೂ ಹೆಸರಿರಲಿಲ್ಲ, ಊರಿರಲಿಲ್ಲ. ಡೂಹನ್ ಒಂದೇ ಸಂಭಾಷಣೆಯನ್ನು ಹಲವು ದೇಶಗಳ ಮಾತಿನ ಧಾಟಿಯಲ್ಲಿ ಓದಿ ತೋರಿಸಿದ. ನಿನಗೆ ಯಾವುದು ಸರಿ ಅನಿಸುತ್ತದೆ ಎಂದು ನಿರ್ಮಾಪಕ ಜೀನ್ ರಾಡನ್‌ಬೆರಿ ಕೇಳಿದ. ಎಂಜಿನಿಯರ್ ಎಂದಮೇಲೆ ಆತ ಸ್ಕಾಟ್ಲೆಂಡಿನವನೇ ಆಗಿರಬೇಕು ಎಂಬುದು ಡೂಹನ್‌ನ ಉತ್ತರ. ಹಡಗು, ಸೇತುವೆ, ಉಗಿಯಂತ್ರಗಳಿಗೆ ಹೆಸರಾದ ನಾಡು ಅದು. ಜೇಮ್ಸ್ ವಾಟ್ ಹುಟ್ಟಿದ ನಾಡು. ಪಾತ್ರಕ್ಕೆ ಮಾಂಟ್ಗೊಮರಿ ಸ್ಕಾಟ್ ಎಂಬ ಹೆಸರಾಯಿತು. ಅದರ ಮೊದಲರ್ಧ ಡೂಹನ್‌ನ ತಾಯಿಯ ತಂದೆಯ ಮನೆತನದ ಹೆಸರು. ಹೀಗೆ ರೇಡಿಯೋ ಕಲಿಸಿದ ವಿದ್ಯೆಯಿಂದ, ಐರಿಷ್ ಮೂಲದ ಕೆನಡಾದವನೊಬ್ಬ ಅಮೆರಿಕದ ಧಾರಾವಾಹಿಯಲ್ಲಿ ಜಗತ್ತಿನ ಅತ್ಯಂತ ಪ್ರಸಿದ್ಧ ಸ್ಕಾಟ್ ಆದ.

1966ರ ಸೆಪ್ಟೆಂಬರ್ 8ರಂದು ಆರಂಭವಾದ ಧಾರಾವಾಹಿ ಮೂರು ವರ್ಷ ನಡೆಯಿತು. ಒಟ್ಟು 79 ಕಂತುಗಳು. ನಾಯಕ ಕರ್ಕ್, ಚೂಪು ಕಿವಿಯ ಸ್ಪಾಕ್, ವೈದ್ಯ ಮೆಕಾಯ್, ಇವರ ನಂತರದ ಜಾಗ ಸ್ಕಾಟಿಯದು. ಮನುಷ್ಯರನ್ನು ಕಣಕಣವಾಗಿ ಬಿಡಿಸಿ ಒಂದೆಡೆಯಿಂದ ಇನ್ನೊಂದೆಡೆ ಸಾಗಿಸುವ ಯಂತ್ರವನ್ನು ನಡೆಸುವವನು ಆತನೇ. ಆ ಯಂತ್ರದ ಗುಂಡಿಗಳ ಮೇಲೆ ಕೈಯಾಡುವುದನ್ನು ಹತ್ತಿರದಿಂದ ತೋರಿಸುವಾಗ ಬೇರೊಬ್ಬರ ಕೈಯನ್ನು ಚಿತ್ರಿಸುತ್ತಿದ್ದರು. ಉಳಿದ ದೃಶ್ಯಗಳಲ್ಲಿ ಡೂಹನ್ ಬಲಗೈಯನ್ನು ಜಾಣತನದಿಂದ ಮರೆಮಾಡುತ್ತಿದ್ದ. ಬಹುಪಾಲು ವೀಕ್ಷಕರಿಗೆ ಅದು ತಿಳಿಯಲೇ ಇಲ್ಲ. ಆದರೆ ದನಿಯನ್ನು ಮರೆಮಾಡುವ ಅಗತ್ಯವಿರಲಿಲ್ಲ. ಮುಖ ಕಾಣದ ಪಾತ್ರಗಳಿಗೂ ಆತನ ದನಿಯೇ ಬೇಕಾಯಿತು. 1968ರ ಒಂದು ಕಂತಿನಲ್ಲಿ ಹದ್ದುಮೀರಿದ ಕಂಪ್ಯೂಟರಿಗೆ, ಇನ್ನೊಂದರಲ್ಲಿ ದೇಹವಿಲ್ಲದೆ ಲಕ್ಷಾಂತರ ವರ್ಷ ಉಳಿದ ಚೇತನಕ್ಕೆ ಮಾತು ಕೊಟ್ಟವನು ಸ್ಕಾಟಿಯೇ. 1973ರಲ್ಲಿ 'ಸ್ಟಾರ್ ಟ್ರೆಕ್' ಕಾರ್ಟೂನ್ ರೂಪದಲ್ಲಿ ಬಂದಾಗ ಡಜನ್‌ಗಟ್ಟಲೆ ಪಾತ್ರಗಳು ಆತನೊಬ್ಬನ ಗಂಟಲಿನಿಂದ ಹೊರಟವು.

ಇಷ್ಟು ದನಿಗಳ ಒಡೆಯನಿಗೆ 1969ರಲ್ಲಿ ಧಾರಾವಾಹಿ ನಿಂತ ಮೇಲೆ ಕೆಲಸವಿಲ್ಲದಾಯಿತು. ಯಾವ ಪಾತ್ರಕ್ಕೆ ಹೋದರೂ ಒಂದೇ ಮಾತು: ಇದು ಸ್ಕಾಟ್ಲೆಂಡಿನವನ ಪಾತ್ರವಲ್ಲ. ಸಾವಿರಾರು ಪಾತ್ರಗಳನ್ನು ನುಡಿದವನ ಮೇಲೆ ಒಂದೇ ಪಾತ್ರದ ಅಂಗಿ ಹೊಲಿದು ಕೂರಿಸಿದಂತಾಗಿತ್ತು. ನಾಟಕದಿಂದ ಹೊಟ್ಟೆ ತುಂಬುತ್ತದೆಯೇ ಎಂದು ಮಕ್ಕಳನ್ನು ಕೇಳುವ ತಂದೆ ತಾಯಿಯರ ಆತಂಕ ಸುಳ್ಳಲ್ಲ. ಐವತ್ತರ ವಯಸ್ಸಿನಲ್ಲಿ ಡೂಹನ್ ಅದೇ ಪ್ರಶ್ನೆಯ ಮುಂದೆ ನಿಂತಿದ್ದ. ಈ ಅಳಲನ್ನು ಆತ ತನ್ನ ಹಲ್ಲಿನ ವೈದ್ಯರ ಮುಂದೆ ತೋಡಿಕೊಂಡನಂತೆ. ನೀನು ಸತ್ತ ಮೇಲೂ ಬಹಳ ಕಾಲ ಸ್ಕಾಟಿಯಾಗಿಯೇ ಇರುತ್ತೀ, ಅದರ ವಿರುದ್ಧ ಈಜುವುದೇಕೆ ಎಂದರಂತೆ ವೈದ್ಯರು.

ಡೂಹನ್ ಆ ಮಾತು ಕೇಳಿದ. ಅಷ್ಟರಲ್ಲಿ ಒಂದು ವಿಚಿತ್ರ ನಡೆದಿತ್ತು. ನಿಂತುಹೋದ ಧಾರಾವಾಹಿಯನ್ನು ಅಮೆರಿಕದ ಊರೂರಿನ ಟೆಲಿವಿಷನ್ ಕೇಂದ್ರಗಳು ಮತ್ತೆ ಮತ್ತೆ ಮರುಪ್ರಸಾರ ಮಾಡುತ್ತಿದ್ದವು. ಮೊದಲ ಸಲ ಅದಕ್ಕೆ ಸಿಗದಿದ್ದ ಜನ ಈಗ ಸಿಕ್ಕರು. 1972ರಲ್ಲಿ ನ್ಯೂಯಾರ್ಕಿನಲ್ಲಿ ಅಭಿಮಾನಿಗಳ ದೊಡ್ಡ ಸಮ್ಮೇಳನ ನಡೆಯಿತು. ಮುಂದೆ ಅಂಥವು ಊರೂರಲ್ಲಿ ನಡೆದವು. ಡೂಹನ್ ಅವಕ್ಕೆಲ್ಲ ಹೋಗತೊಡಗಿದ. ಕಾಲೇಜುಗಳಲ್ಲಿ ಮಾತನಾಡಿದ. 1979ರಲ್ಲಿ 'ಸ್ಟಾರ್ ಟ್ರೆಕ್' ಸಿನಿಮಾ ಬಂದಾಗ ಮತ್ತೆ ಸ್ಕಾಟಿಯಾದ. ಅಷ್ಟೇ ಅಲ್ಲ, ಆ ಚಿತ್ರದಲ್ಲಿ ಕ್ಲಿಂಗಾನ್ ಎಂಬ ಅನ್ಯಲೋಕದವರು ಆಡುವ ಕೆಲವು ಮಾತುಗಳ ಉಚ್ಚಾರವನ್ನು ಕಟ್ಟಿಕೊಟ್ಟವನೂ ಆತನೇ. ಆ ಹಿಡಿಯಷ್ಟು ಪದಗಳನ್ನು ಬೀಜವಾಗಿಟ್ಟುಕೊಂಡು ಮಾರ್ಕ್ ಓಕ್ರಾಂಡ್ ಎಂಬ ಭಾಷಾವಿಜ್ಞಾನಿ ವ್ಯಾಕರಣ ರಚಿಸಿದ. 1985ರಲ್ಲಿ ಆ ಭಾಷೆಯ ನಿಘಂಟೂ ಹೊರಬಂತು. ಓಕ್ರಾಂಡ್ ರೂಪಿಸಿದ ಕ್ಲಿಂಗಾನ್‌ನಲ್ಲಿ ನಾಲಿಗೆಯನ್ನು ಮೇಲಕ್ಕೆ ಮಡಿಚಿ ಆಡುವ ಡಕಾರವೊಂದಿದೆ. ಅಮೆರಿಕದ ಅಭಿಮಾನಿಗಳು ಅದಕ್ಕಾಗಿ ಹೆಣಗುತ್ತಾರೆ. ಕನ್ನಡದ ಮಕ್ಕಳಿಗೆ ಅದು ಅಂಗನವಾಡಿಯ ಪಾಠ.

ಈ ಸಮ್ಮೇಳನಗಳ ಕಾಲದಲ್ಲೇ ಒಂದು ದಿನ ಡೂಹನ್‌ಗೆ ಒಂದು ಪತ್ರ ಬಂತು. ಬರೆದವಳು ಒಬ್ಬ ತರುಣಿ, ಅಭಿಮಾನಿ. ಬದುಕು ಸಾಕಾಗಿದೆ, ಪ್ರಾಣ ಕಳೆದುಕೊಳ್ಳುತ್ತೇನೆ ಎಂಬುದು ಪತ್ರದ ಸಾರ. ಡೂಹನ್ ಆಕೆಗೆ ಫೋನ್ ಮಾಡಿದ. ಉಪದೇಶವನ್ನೇನೂ ಮಾಡಲಿಲ್ಲ. ತಾನು ಇಂಡಿಯಾನಾಪೊಲಿಸ್‌ನ ಸಮ್ಮೇಳನಕ್ಕೆ ಬರುತ್ತಿದ್ದೇನೆ, ನೀನೂ ಅಲ್ಲಿಗೆ ಬರಬೇಕು ಎಂದ. ಆಕೆ ಬಂದಳು. ಆಕೆಯ ಸ್ಥಿತಿ ನೋಡಿ ಆತ ಗಾಬರಿಯಾದ. ಇನ್ನೆರಡು ವಾರಕ್ಕೆ ಸೇಂಟ್ ಲೂಯಿಸ್‌ನಲ್ಲಿರುತ್ತೇನೆ, ಅಲ್ಲಿಗೂ ಬಾ ಎಂದ. ಬಂದಳು. ಆಮೇಲೆ ಇನ್ನೊಂದು ಊರು, ಮತ್ತೊಂದು ಊರು. ಹೀಗೆ ಎರಡು ಮೂರು ವರ್ಷ ಕಳೆಯಿತು. ಪ್ರತಿ ಸಲವೂ ಮುಂದಿನ ಭೇಟಿಯ ದಿನ ಗೊತ್ತಿರುತ್ತಿತ್ತು. ಆ ದಿನದವರೆಗೆ ಆಕೆ ಬದುಕಿರಬೇಕಾಗಿತ್ತು.

ನಂತರ ಇದ್ದಕ್ಕಿದ್ದಂತೆ ಆಕೆಯ ಸುದ್ದಿ ನಿಂತಿತು. ವಿಳಾಸವನ್ನು ಡೂಹನ್ ತೆಗೆದಿಟ್ಟುಕೊಂಡಿರಲಿಲ್ಲ. ಏನಾಯಿತೋ ತಿಳಿಯುವ ದಾರಿಯಿರಲಿಲ್ಲ. ಎಂಟು ವರ್ಷಗಳ ಬಳಿಕ ಮತ್ತೊಂದು ಪತ್ರ ಬಂತು. ತಾನು ಎಲೆಕ್ಟ್ರಾನಿಕ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದೆ, ನೀವು ಮಾಡಿದ ಉಪಕಾರಕ್ಕೆ ವಂದನೆ ಎಂದು ಅವಳು ಬರೆದಿದ್ದಳು. 1997ರಲ್ಲಿ ತೆರೆಕಂಡ 'ಟ್ರೆಕೀಸ್' ಸಾಕ್ಷ್ಯಚಿತ್ರದಲ್ಲಿ ಈ ಸಂಗತಿ ಹೇಳುತ್ತಾ ಡೂಹನ್‌ನ ಕಣ್ಣು ತುಂಬಿತು. ತನ್ನ ಬದುಕಿನಲ್ಲಿ ಮಾಡಿದ ಅತ್ಯುತ್ತಮ ಕೆಲಸ ಇದೇ ಎಂಬುದು ಆತನ ಮಾತಿನ ತಾತ್ಪರ್ಯ. 4,000 ರೇಡಿಯೋ ಕಾರ್ಯಕ್ರಮ ಮಾಡಿದವನು, ನಾರ್ಮಂಡಿಯಲ್ಲಿ ಕಾದಿದವನು, ಅತ್ಯುತ್ತಮವೆಂದು ಎಣಿಸಿದ್ದು ಒಂದು ಫೋನ್ ಕರೆಯನ್ನು.

ಆ ಹುಡುಗಿ ಎಂಜಿನಿಯರಿಂಗ್ ಓದಿದ್ದು ಆಕಸ್ಮಿಕವಿರಲಾರದು. ಸ್ಕಾಟಿಯನ್ನು ನೋಡಿ ಎಂಜಿನಿಯರ್ ಆಗಬೇಕೆಂದುಕೊಂಡವರು ಅಮೆರಿಕದಲ್ಲಿ ಬಹಳ ಮಂದಿ. ಮಿಲ್ವಾಕಿ ಸ್ಕೂಲ್ ಆಫ್ ಎಂಜಿನಿಯರಿಂಗ್ ಎಂಬ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳಲ್ಲೇ ಅನೇಕರು ಹಾಗೆ ಹೇಳಿದ್ದರಿಂದ, ಆ ಸಂಸ್ಥೆ ಡೂಹನ್‌ಗೆ ಎಂಜಿನಿಯರಿಂಗ್‌ನಲ್ಲಿ ಗೌರವ ಪದವಿ ನೀಡಿತು. ನಿಜಜೀವನದಲ್ಲಿ ಒಂದು ನೌಕೆಯ ಯಂತ್ರವನ್ನೂ ಮುಟ್ಟದವನಿಗೆ! ಇದರಲ್ಲಿ ನಗುವಂಥದ್ದೇನೂ ಇಲ್ಲ. ಕಥೆಗಳಲ್ಲಿ ವೀರರು ಕತ್ತಿ ಹಿಡಿದಿರುತ್ತಾರೆ, ಇಲ್ಲವೇ ಕುದುರೆಯ ಮೇಲಿರುತ್ತಾರೆ. ಕೈಗೆ ಎಣ್ಣೆ ಮೆತ್ತಿಕೊಂಡು, ಯಂತ್ರದ ಸದ್ದಿನಲ್ಲೇ ಅದರ ನೋವನ್ನು ಗುರುತಿಸುವ ಮನುಷ್ಯನೂ ವೀರನಾಗಬಹುದೆಂದು ಸ್ಕಾಟಿ ತೋರಿಸಿದ. ಬಿಡುವಿನಲ್ಲಿ ಸ್ಕಾಟಿ ಓದುತ್ತಿದ್ದದ್ದೂ ತಾಂತ್ರಿಕ ಪತ್ರಿಕೆಗಳನ್ನೇ. ಕೆಲಸವನ್ನು ಅಷ್ಟು ಪ್ರೀತಿಸುವವನೊಬ್ಬನನ್ನು ವಾರವಾರ ನೋಡಿದ ಮಗುವಿಗೆ ಆ ಕೆಲಸದ ಮೇಲೆ ಆಸೆ ಹುಟ್ಟದೆ ಇರುತ್ತದೆಯೇ? ಅಂಕ, ಸೀಟು, ಸಂಬಳ ಇವುಗಳ ಮಾತು ಮನೆಯಲ್ಲಿ ಶುರುವಾಗುವುದು ಆಮೇಲೆ.

1992ರಲ್ಲಿ 'ಸ್ಟಾರ್ ಟ್ರೆಕ್'ನ ಹೊಸ ಧಾರಾವಾಹಿಯ ಒಂದು ಕಂತಿಗೆ ಡೂಹನ್ ಮರಳಿ ಬಂದ. ಆಗ ವಯಸ್ಸು ಎಪ್ಪತ್ತೆರಡು. ಕಥೆಯಲ್ಲಿ ಸ್ಕಾಟಿ 75 ವರ್ಷ ಯಂತ್ರದೊಳಗೆ ಸಿಲುಕಿದ್ದು ಹೊಸ ಕಾಲದಲ್ಲಿ ಎಚ್ಚರಗೊಳ್ಳುತ್ತಾನೆ. ಎಲ್ಲ ಬದಲಾಗಿದೆ. ಹೊಸ ಎಂಜಿನಿಯರ್‌ಗೆ ಈ ಮುದುಕನ ಸಲಹೆ ಕೇಳಲು ಪುರಸೊತ್ತಿಲ್ಲ. ಕೊನೆಗೆ ನೌಕೆ ಅಪಾಯದಲ್ಲಿ ಸಿಕ್ಕಾಗ ಹಳಬ ಮತ್ತು ಹೊಸಬ ಒಟ್ಟಾಗಿ ಅದನ್ನು ಬಿಡಿಸುತ್ತಾರೆ. ನಿವೃತ್ತರಾದ ಅಪ್ಪ, ಕಂಪ್ಯೂಟರ್ ಮುಂದೆ ಕೂತ ಮಗ ಇರುವ ಯಾವ ಮನೆಯಲ್ಲಾದರೂ ಈ ಕಥೆ ಅರ್ಥವಾಗುತ್ತದೆ.

2004ರಲ್ಲಿ ಡೂಹನ್‌ಗೆ ಮರೆವಿನ ಕಾಯಿಲೆ, ಆಲ್‌ಜೈಮರ್, ಇರುವುದು ಬಹಿರಂಗವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹಾಲಿವುಡ್‌ನಲ್ಲಿ ಆತನಿಗೊಂದು ಬೀಳ್ಕೊಡುಗೆಯ ಸಮಾರಂಭ ನಡೆಯಿತು. ಅಲ್ಲಿ ಮಾತನಾಡಲು ಬಂದವನು ನೀಲ್ ಆರ್ಮ್‌ಸ್ಟ್ರಾಂಗ್. ಚಂದ್ರನ ಮೇಲೆ ಮೊದಲು ಕಾಲಿಟ್ಟವನು, ಸಾರ್ವಜನಿಕ ಸಭೆಗಳಿಗೆ ಅಪರೂಪಕ್ಕೆ ಬರುವವನು, ಓದಿನಿಂದ ಎಂಜಿನಿಯರ್. ತನಗೆ ಅಂತರಿಕ್ಷ ನೌಕೆಯ ನಾಯಕತ್ವ ಸಿಕ್ಕರೆ ಸ್ಕಾಟಿಯಂಥ ಮುಖ್ಯ ಎಂಜಿನಿಯರ್ ಬೇಕು ಎಂದ. ಒಬ್ಬ ಹಳೆಯ ಎಂಜಿನಿಯರ್ ಇನ್ನೊಬ್ಬ ಹಳೆಯ ಎಂಜಿನಿಯರ್‌ಗೆ ಹೇಳುವ ವಂದನೆ ಎಂದು ಮಾತು ಮುಗಿಸಿದ. ನಿಜವಾಗಿ ಚಂದ್ರನಿಗೆ ಹೋದವನು, ಸೆಟ್ಟಿನ ಮೇಲಷ್ಟೇ ನಕ್ಷತ್ರಗಳಿಗೆ ಹೋದವನನ್ನು ತನ್ನ ಸಾಲಿನಲ್ಲಿ ಕೂರಿಸಿಕೊಂಡ.

ಡೂಹನ್ ತೀರಿಕೊಂಡದ್ದು 2005ರ ಜುಲೈ 20ರಂದು, ವಾಷಿಂಗ್ಟನ್ ರಾಜ್ಯದ ರೆಡ್‌ಮಂಡ್‌ನಲ್ಲಿ. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಇಳಿದದ್ದೂ 1969ರ ಇದೇ ಜುಲೈ 20ರಂದು. ತನ್ನ ಬೂದಿ ಅಂತರಿಕ್ಷಕ್ಕೆ ಹೋಗಬೇಕೆಂಬುದು ಡೂಹನ್‌ನ ಆಸೆ. ಅದೂ ಸುಲಭವಾಗಿ ನೆರವೇರಲಿಲ್ಲ. 2007ರಲ್ಲಿ ಸ್ವಲ್ಪ ಬೂದಿ ಹೊತ್ತ ರಾಕೆಟ್ ಅಂತರಿಕ್ಷದ ಅಂಚು ಮುಟ್ಟಿ ಕೆಲವೇ ನಿಮಿಷದಲ್ಲಿ ಕೆಳಗಿಳಿಯಿತು. 2008ರ ಆಗಸ್ಟ್‌ನಲ್ಲಿ ಹಾರಿದ ಇನ್ನೊಂದು ರಾಕೆಟ್ ಕಕ್ಷೆ ಸೇರಲಾಗದೆ ವಿಫಲವಾಯಿತು. 2012ರ ಮೇ 22ರಂದು ಹಾರಿದ 'ಫಾಲ್ಕನ್-9' ಕೊನೆಗೂ ಕಕ್ಷೆ ಸೇರಿಸಿತು. ಇನ್ನೊಂದು ಗುಟ್ಟು ಹೊರಬಿದ್ದದ್ದು 2020ರಲ್ಲಿ. 2008ರಲ್ಲಿ ಅಂತಾರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋಗಿದ್ದ ರಿಚರ್ಡ್ ಗ್ಯಾರಿಯಟ್ ಎಂಬ ಯಾತ್ರಿಕ, ಡೂಹನ್‌ನ ಬೂದಿಯ ಒಂದಿಷ್ಟನ್ನು ಯಾರಿಗೂ ಹೇಳದೆ ಒಯ್ದು, ಅಲ್ಲಿನ ನೆಲಹಾಸಿನ ಅಡಿಯಲ್ಲಿ ಇರಿಸಿ ಬಂದಿದ್ದ. ಎಂಜಿನಿಯರ್‌ಗೆ ತಕ್ಕ ಜಾಗ.

'ಬೀಮ್ ಮಿ ಅಪ್, ಸ್ಕಾಟಿ' ಎಂಬ ಮಾತು ಲೋಕಪ್ರಸಿದ್ಧ. ತನ್ನನ್ನು ಇಲ್ಲಿಂದ ಮೇಲಕ್ಕೆತ್ತಿಕೋ ಎಂದು ಅದರ ಅರ್ಥ. ವಿಚಿತ್ರವೆಂದರೆ ಮೂಲ ಧಾರಾವಾಹಿಯ 79 ಕಂತುಗಳಲ್ಲಿ ಈ ಮಾತನ್ನು ಯಾರೂ ಇದೇ ರೂಪದಲ್ಲಿ ಆಡಿಲ್ಲ. ಆದರೆ ಅದೇ ಅರ್ಥದ ಪತ್ರವೊಂದನ್ನು ಹೆಸರು ಹೊರಬರದ ಹುಡುಗಿಯೊಬ್ಬಳು ನಿಜಕ್ಕೂ ಬರೆದಿದ್ದಳು. ಆ ಪತ್ರಕ್ಕೆ ಉತ್ತರಿಸಲು ಯಂತ್ರವಿರಲಿಲ್ಲ, ಸಂಭಾಷಣೆ ಬರೆದುಕೊಡುವವರಿರಲಿಲ್ಲ. ಮನೆಯ ಫೋನು ಇತ್ತು, ರೇಡಿಯೋದಲ್ಲಿ ಪಳಗಿದ ದನಿಯಿತ್ತು. ಡೂಹನ್ ನಾಲ್ಕು ಬೆರಳಿನ ಬಲಗೈಯಿಂದಲೋ ಎಡಗೈಯಿಂದಲೋ ಆ ಫೋನೆತ್ತಿಕೊಂಡು, ಬಾ, ಅಲ್ಲಿ ಸಿಗೋಣ ಎಂದ.